ಬಣ್ಣದ ಚೀಟಿ ಬೇಡ, ಬಾಗಿಲಿರುವ ಕೋಣೆ ಕೊಡಿ

ಕೆಂಪು, ಹಳದಿ, ಹಸಿರು, ನೀಲಿ. ನಮ್ಮ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ಹೋದ ತಿಂಗಳು ನಡೆದ ‘ವ್ಯಕ್ತಿತ್ವ ವಿಕಸನ ಕಾರ್ಯಾಗಾರ’ದಲ್ಲಿ ಮಕ್ಕಳಿಗೆಲ್ಲ ಈ ನಾಲ್ಕು ಬಣ್ಣ ಹಂಚಿದರು. ಬೆಂಗಳೂರಿನಿಂದ ಬಂದಿದ್ದ ತರಬೇತುದಾರರು ಕಿವಿಗೆ ಮೈಕು ಸಿಕ್ಕಿಸಿಕೊಂಡು, ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ ಒಂದು ಪ್ರಶ್ನೆಗಳ ಹಾಳೆ ಕೊಟ್ಟರು. ಟಿಕ್ ಹಾಕಿ, ಅಂಕ ಕೂಡಿ, ನಿಮ್ಮ ಬಣ್ಣ ನೋಡಿಕೊಳ್ಳಿ. ಕೆಂಪು ಬಂದವರು ನಾಯಕರು, ಹಳದಿಯವರು ಮಾತುಗಾರರು, ಹಸಿರಿನವರು ಸಮಾಧಾನಿಗಳು, ನೀಲಿಯವರು ಲೆಕ್ಕಾಚಾರದವರು. ಊಟದ ಹೊತ್ತಿಗೆ ಎಲ್ಲರ ಎದೆಯ ಮೇಲೂ ಒಂದೊಂದು ಚೀಟಿ. ಪಲಾವಿನ ಸಾಲಿನಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದಳು: ‘ನಾನು ಗ್ರೀನ್ ಕಣೇ, ಅದಕ್ಕೇ ನನ್ ಕೈಲಿ ಇಂಟರ್‌ವ್ಯೂ ಆಗಲ್ಲ.’

ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ವಾರಕ್ಕೆರಡು ಮಧ್ಯಾಹ್ನ ಅದೇ ಕಾಲೇಜಿನ ‘ಆಪ್ತ ಸಮಾಲೋಚನಾ ಕೇಂದ್ರ’ದಲ್ಲಿ ಕೂರುತ್ತೇನೆ. ಕೇಂದ್ರ ಎಂದರೆ ಕ್ರೀಡಾ ವಿಭಾಗದ ಉಗ್ರಾಣ. ಒಂದು ಮೂಲೆಯಲ್ಲಿ ಕಬಡ್ಡಿ ಮ್ಯಾಟು, ಇನ್ನೊಂದರಲ್ಲಿ ಎನ್‌ಎಸ್‌ಎಸ್‌ನವರ ಗುದ್ದಲಿ, ಬಾಣಲಿ, ನಡುವೆ ಎರಡು ಕುರ್ಚಿ. ಬಾಗಿಲು ಮುಚ್ಚಿದರೆ ನಿಲ್ಲುವುದಿಲ್ಲ, ಚಿಲಕ ಇಲ್ಲ. ಎದುರಿಗೆ ಕೂತ ಮಗು ಇನ್ನೇನು ಅಳಬೇಕು ಅನ್ನುವಾಗಲೇ ಯಾರಾದರೂ ವಾಲಿಬಾಲ್ ಕೇಳಿಕೊಂಡು ಬರುತ್ತಾರೆ. ಕಾರ್ಯಾಗಾರಕ್ಕೆ ಬ್ಯಾನರ್, ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲಕ್ಕೂ ದುಡ್ಡು ಹೊಂದಿತು. ಚಿಲಕಕ್ಕೆ ಹೊಂದಲಿಲ್ಲ.

ನನ್ನ ತಕರಾರು ದುಡ್ಡಿನದಷ್ಟೇ ಆಗಿದ್ದರೆ ಪ್ರಾಂಶುಪಾಲರ ಹತ್ತಿರ ಮಾತಾಡಿ ಮುಗಿಸುತ್ತಿದ್ದೆ, ಪತ್ರಿಕೆಯ ಜಾಗ ಕೇಳುತ್ತಿರಲಿಲ್ಲ. ಒಬ್ಬ ಮನುಷ್ಯನಿಗೆ ಹೆಸರಿಟ್ಟರೆ ಅವನನ್ನು ಅರ್ಥ ಮಾಡಿಕೊಂಡಂತಾಯಿತು, ಇನ್ನು ಅವನ ಮಾತು ಕೇಳಬೇಕಾಗಿಲ್ಲ ಎಂಬ ಭ್ರಮೆ ನಮ್ಮ ಮನೆ, ಶಾಲೆ, ಕಂಪನಿಗಳಲ್ಲಿ ಬೇರು ಬಿಟ್ಟಿದೆ. ನನ್ನ ತಕರಾರು ಅದರ ಮೇಲೆ. ಇದಕ್ಕೆ ಸಾಕ್ಷಿ ನುಡಿಯಲು ನಾನು ಕರೆಯುವುದು ಈಗ ಯಾರಿಗೂ ಬೇಡವಾಗಿರುವ ಒಬ್ಬ ಮುದುಕನನ್ನು, ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್‌ನನ್ನು.

ಮೊದಲು ಚೀಟಿಗಳ ವಿಷಯ ಮುಗಿಸಿಬಿಡುತ್ತೇನೆ. ಜನರನ್ನು ವಿಂಗಡಿಸುವ ಚಟ ಇವತ್ತಿನದಲ್ಲ. ಗ್ರೀಕ್ ವೈದ್ಯರು ದೇಹದ ನಾಲ್ಕು ರಸಗಳ ಮೇಲೆ ಸ್ವಭಾವ ಹೇಳುತ್ತಿದ್ದರು. ನಮ್ಮಲ್ಲಿ ವಾತ, ಪಿತ್ತ, ಕಫ ಇವೆ. ಸತ್ವ, ರಜಸ್ಸು, ತಮಸ್ಸು ಇವೆ. ಗೀತೆಯ 14ನೇ ಅಧ್ಯಾಯವಾದರೂ ಒಂದು ಗುಣ ಇನ್ನೆರಡನ್ನು ಮೆಟ್ಟಿ ಮೇಲೇಳುತ್ತಿರುತ್ತದೆ ಎನ್ನುತ್ತದೆಯೇ ಹೊರತು, ಇವನು ಸತ್ವ, ಅವನು ತಮಸ್ಸು ಎಂದು ಮೊಹರು ಒತ್ತಿ ಕಳಿಸುವುದಿಲ್ಲ. ಈಗಿನ ಕಾರ್ಪೊರೇಟ್ ಚೀಟಿಗಳಲ್ಲೆಲ್ಲ ಹೆಸರುವಾಸಿಯಾದ ‘ಎಂಬಿಟಿಐ’ ಪರೀಕ್ಷೆ ಜನರನ್ನು 16 ಬಗೆ ಮಾಡುತ್ತದೆ. ಅದನ್ನು ಕಟ್ಟಿದವರು ಅಮೆರಿಕದ ತಾಯಿ-ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಮಗಳು ಅದಕ್ಕೆ ಮೊದಲು ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಗೆದ್ದಿದ್ದಳು. ಅವರು ಆಧಾರ ಮಾಡಿಕೊಂಡದ್ದು ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವನ್ನು; ಅಂತರ್ಮುಖಿ, ಬಹಿರ್ಮುಖಿ ಎಂಬ ಜೋಡಿ ನಮ್ಮ ನಾಲಿಗೆಗೆ ಬಂದದ್ದು ಆ ಯೂಂಗ್‌ನಿಂದಲೇ. ಜನರನ್ನು ನೋಡಿದ ಕೂಡಲೇ ಖಾನೆಗೆ ತುಂಬಲಿಕ್ಕೆ ನಾನು ಇದನ್ನು ಬರೆದದ್ದಲ್ಲ ಎಂದು ಯೂಂಗ್ ಆಮೇಲೆ ಎಚ್ಚರಿಸಿದ. ಯಾರು ಕೇಳುತ್ತಾರೆ? ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಬರೆದರೆ ಎಷ್ಟೋ ಜನರಿಗೆ ಬೇರೆ ಬಗೆಯೇ ಬರುತ್ತದೆ.

ಹಾಗಿದ್ದರೂ ಚೀಟಿ ಓದಿದವರಿಗೆಲ್ಲ ‘ಅಯ್ಯೋ, ನನ್ನನ್ನೇ ನೋಡಿ ಬರೆದ ಹಾಗಿದೆ’ ಅನ್ನಿಸುವುದು ಹೇಗೆ? 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕನ್ ಮೇಷ್ಟರು ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿದರು. ಒಬ್ಬೊಬ್ಬರಿಗೂ ಅವರದೇ ಫಲಿತಾಂಶವೆಂದು ಒಂದು ವರದಿ ಕೊಟ್ಟು, ಎಷ್ಟು ಸರಿಯಿದೆ, ಐದಕ್ಕೆ ಅಂಕ ಹಾಕಿ ಅಂದರು. ಸರಾಸರಿ ನಾಲ್ಕಕ್ಕೂ ಮೇಲೆ ಬಂತು. ಆಮೇಲೆ ತಿಳಿಯಿತು: ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ, ಅದರ ವಾಕ್ಯಗಳನ್ನು ಮೇಷ್ಟರು ಆರಿಸಿಕೊಂಡದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ಈ ಪ್ರಯೋಗವನ್ನು ನಾನೂ ತರಗತಿಯಲ್ಲಿ ಮಾಡುತ್ತಿದ್ದೆ, ಪತ್ರಿಕೆಯ ವಾರಭವಿಷ್ಯದ ವಾಕ್ಯಗಳನ್ನು ಕಲಸಿ. ಗುಟ್ಟು ಬಿಟ್ಟುಕೊಟ್ಟಾಗ ಮಕ್ಕಳು ಹೊಟ್ಟೆ ಹಿಡಿದು ನಗುತ್ತಿದ್ದರು. (ಸಂಪಾದಕರು ಈ ಸಾಲನ್ನು ಉಳಿಸುತ್ತಾರೆಂದು ನಂಬಿದ್ದೇನೆ.)

ವ್ಯಕ್ತಿತ್ವವನ್ನು ಅಳೆಯುವುದೆಲ್ಲ ಬೂಟಾಟಿಕೆ ಎಂದು ನಾನು ಹೇಳುತ್ತಿಲ್ಲ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ ಎಂಬಿಬ್ಬರು ಇಂಗ್ಲಿಷ್ ನಿಘಂಟು ಜಾಲಾಡಿ ಮನುಷ್ಯಸ್ವಭಾವ ಹೇಳುವ 18 ಸಾವಿರದಷ್ಟು ಪದ ಹೆಕ್ಕಿದರು. ಆ ದಾರಿಯಲ್ಲೇ ದಶಕಗಟ್ಟಲೆ ಕೆಲಸ ನಡೆದು ಈಗಿನ ‘ಐದು ಆಯಾಮ’ಗಳ ಮಾಪನ ಬಂದಿದೆ. ಅದು ಮನುಷ್ಯನನ್ನು ಪೆಟ್ಟಿಗೆಗೆ ಹಾಕುವುದಿಲ್ಲ, ಒಂದೊಂದು ಗುಣದಲ್ಲೂ ಅವನು ಹೆಚ್ಚುಕಡಿಮೆ ಎಲ್ಲಿ ನಿಲ್ಲುತ್ತಾನೆ ಎನ್ನುತ್ತದೆ ಅಷ್ಟೆ. ಸಂಶೋಧನೆಗೆ ಅದು ಬೇಕು. ಆದರೆ ಪಲಾವಿನ ಸಾಲಿನ ಆ ಹುಡುಗಿಗೆ ಸಂದರ್ಶನ ಅಂದರೆ ಗಂಟಲು ಯಾಕೆ ಕಟ್ಟುತ್ತದೆ ಎಂಬುದನ್ನು ಅದೂ ಹೇಳಲಾರದು. ಅದನ್ನು ಹೇಳಬಲ್ಲವಳು ಅವಳೇ, ಅದೂ ತಕ್ಷಣಕ್ಕಲ್ಲ.

ಇಲ್ಲಿಗೇ ಫ್ರಾಯ್ಡ್ ಬರುವುದು. ಬಿ.ಎ. ಮಕ್ಕಳ ಪಾಲಿಗೆ ಫ್ರಾಯ್ಡ್ ಎಂದರೆ ಐದು ಅಂಕದ ಟಿಪ್ಪಣಿ: ನೀರಲ್ಲಿ ಮುಳುಗಿದ ಮಂಜುಗಡ್ಡೆಯ ಚಿತ್ರ ಬರೆದು ಇಡ್, ಈಗೊ, ಸೂಪರ್ ಈಗೊ ಎಂದು ಗುರುತಿಸಿದರೆ ಮುಗಿಯಿತು. ಆ ಮೂರನ್ನೂ ಮುಂದಿಟ್ಟ ಅವನ ಪುಸ್ತಕ ಹೊರಬಂದದ್ದು 1923ರಲ್ಲಿ, 66ರ ವಯಸ್ಸಿನಲ್ಲಿ. ಅದಕ್ಕೆ ಮೂವತ್ತು ವರ್ಷಕ್ಕೂ ಹಿಂದೆ ನಡೆದದ್ದು ಹೆಚ್ಚು ಮುಖ್ಯ ಎಂದು ನನ್ನ ಲೆಕ್ಕ, ಗೈಡುಗಳು ಅದನ್ನು ಬಿಟ್ಟುಬಿಡುತ್ತವೆ.

1880ರಲ್ಲಿ ವಿಯೆನ್ನಾದ ಬರ್ಥಾ ಪಾಪೆನ್‌ಹೈಮ್ ಎಂಬ 21ರ ಹುಡುಗಿ ಕಾಯಿಲೆ ಬಿದ್ದ ತಂದೆಯ ಆರೈಕೆಯಲ್ಲಿದ್ದಾಗ ತಾನೇ ಹಾಸಿಗೆ ಹಿಡಿದಳು. ಕೈ ಮರಗಟ್ಟಿತು, ಕೆಮ್ಮು ನಿಲ್ಲಲಿಲ್ಲ, ತಾಯ್ನುಡಿ ಜರ್ಮನ್ ಮರೆತುಹೋಗಿ ಇಂಗ್ಲಿಷ್ ಮಾತ್ರ ಬರತೊಡಗಿತು. ನೋಡಿಕೊಳ್ಳುತ್ತಿದ್ದ ವೈದ್ಯ ಯೋಸೆಫ್ ಬ್ರಾಯರ್, ಫ್ರಾಯ್ಡ್‌ನ ಹಿರಿಯ ಸ್ನೇಹಿತ. ಒಂದು ಬೇಸಿಗೆಯಲ್ಲಿ ಅವಳಿಗೆ ನೀರು ಕುಡಿಯಲಾಗಲಿಲ್ಲ. ಲೋಟ ತುಟಿಗೆ ತಾಗಿದರೆ ದೂಡಿಬಿಡುತ್ತಿದ್ದಳು. ಹಣ್ಣು ತಿಂದು ಬಾಯಾರಿಕೆ ತಣಿಸಿಕೊಳ್ಳುತ್ತಿದ್ದಳು. ಆರು ವಾರ ಹೀಗೇ ಹೋಯಿತು. ಒಂದು ದಿನ ಅರೆಎಚ್ಚರದಲ್ಲಿ ಮಾತಾಡುತ್ತ ಮನೆಯಲ್ಲಿದ್ದ ಇಂಗ್ಲಿಷ್ ಸಂಗಾತಿಯ ಮೇಲೆ ಗೊಣಗಿದಳು. ಆ ಹೆಂಗಸಿನ ನಾಯಿಮರಿ ಲೋಟದಲ್ಲಿ ಬಾಯಿಟ್ಟು ನೀರು ಕುಡಿದದ್ದನ್ನು ತಾನು ನೋಡಿದ್ದೆ, ಮರ್ಯಾದೆಗೆ ಅಂಜಿ ಏನೂ ಅನ್ನಲಿಲ್ಲ ಎಂದಳು. ಅಷ್ಟು ದಿನ ತಡೆದಿದ್ದ ಸಿಟ್ಟು, ಹೇಸಿಗೆ ಎಲ್ಲ ಹೊರಗೆ ಹಾಕಿ, ನೀರು ಕೇಳಿ, ಗಟಗಟ ಕುಡಿದಳು. ಇದಕ್ಕೆ ‘ಮಾತಿನ ಚಿಕಿತ್ಸೆ’ ಎಂದು ಹೆಸರು ಕೊಟ್ಟವಳೂ ಅವಳೇ, ವೈದ್ಯನಲ್ಲ. ಚಿಮಣಿಯ ಮಸಿ ಗುಡಿಸುವುದು ಎಂದೂ ತಮಾಷೆಗೆ ಕರೆಯುತ್ತಿದ್ದಳು.

ನಾನು ಇದನ್ನು ಪಾಠ ಮಾಡುವಾಗಲೆಲ್ಲ ತರಗತಿಯ ಹುಡುಗಿಯರ ಮುಖ ನೋಡುತ್ತಿದ್ದೆ. ಮರ್ಯಾದೆಗೆ ಅಂಜಿ ನುಂಗಿಕೊಂಡದ್ದು ಗಂಟಲಲ್ಲೇ ನಿಲ್ಲುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟ ಸೇರದೆ, ‘ಎದೆ ಹಿಡಿದುಕೊಳ್ಳುತ್ತೆ’ ಎಂದು ಇಸಿಜಿ, ಎಂಡೋಸ್ಕೋಪಿ ಮುಗಿಸಿ, ಕೊನೆಗೆ ‘ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ’ ಎಂಬ ಬುದ್ಧಿವಾದದ ಜತೆ ಮನೆಗೆ ಬರುವ ಹೆಂಗಸರು ಪ್ರತಿ ಬೀದಿಯಲ್ಲೂ ಇದ್ದಾರೆ.

ಇನ್ನೊಬ್ಬಳು ಫ್ರಾಯ್ಡ್‌ಗೇ ಪಾಠ ಹೇಳಿದಳು. 1889ರ ಸುಮಾರಿಗೆ ಅವನ ಹತ್ತಿರ ಬಂದ ಒಬ್ಬ ಶ್ರೀಮಂತ ವಿಧವೆ. ಅವನ ಬರಹದಲ್ಲಿ ಅವಳ ಹೆಸರು ಎಮ್ಮಿ. ಆಗಿನ್ನೂ ಆತ ಸಂಮೋಹನ ಮಾಡುತ್ತಿದ್ದ, ಆ ನೋವು ಯಾವಾಗ ಶುರುವಾಯಿತು, ಈ ಭಯ ಎಲ್ಲಿಂದ ಬಂತು ಎಂದು ಮೇಲಿಂದ ಮೇಲೆ ಕೆದಕುತ್ತಿದ್ದ. ಅವಳು ರೇಗಿ, ಅದೆಲ್ಲ ಎಲ್ಲಿಂದ ಬಂತೆಂದು ಕೇಳುತ್ತಲೇ ಇರಬೇಡಿ, ನಾನು ಹೇಳಬೇಕೆಂದಿರುವುದನ್ನು ಹೇಳಲು ಬಿಡಿ ಎಂದಳು. ಫ್ರಾಯ್ಡ್ ಒಪ್ಪಿದ, ಅದನ್ನು ಬರೆದೂ ಇಟ್ಟ. ದೊಡ್ಡ ದೊಡ್ಡ ಸಿದ್ಧಾಂತಗಳ ಗದ್ದಲದಲ್ಲಿ ನನಗೆ ಅವನ ಮೇಲೆ ಗೌರವ ಉಳಿದಿರುವುದು ಈ ಒಂದು ಕಾರಣಕ್ಕೆ. ಆ ಕಾಲದ ಡಾಕ್ಟರು, ಗಂಡಸು, ಬಾಯಿ ಮುಚ್ಚು ಎಂದ ರೋಗಿಯ ಮಾತು ಕೇಳಿದ. ಮುಂದೆ ಸಂಮೋಹನ ಬಿಟ್ಟ. ರೋಗಿಯೊಬ್ಬರು ಉಡುಗೊರೆ ಕೊಟ್ಟಿದ್ದ ಸೋಫಾದ ಮೇಲೆ ಮಲಗಿಸಿ, ತಾನು ಹಿಂದೆ ಕೂತು, ಮನಸ್ಸಿಗೆ ಬಂದದ್ದನ್ನು ಆರಿಸದೆ, ತಿದ್ದದೆ ಹೇಳಿ ಎಂದ. ದಿನಕ್ಕೆ ಎಂಟು ಗಂಟೆ ಬೇರೆಯವರ ದೃಷ್ಟಿ ನನ್ನ ಮೇಲಿರುವುದನ್ನು ತಾಳಲಾರೆ, ಅದಕ್ಕೇ ಹಿಂದೆ ಕೂರುತ್ತೇನೆ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾನೆ.

ಹಾಗೆ ಕೇಳುತ್ತ ಹೋದವನಿಗೆ ಕಂಡದ್ದೇನು? ಮನುಷ್ಯನಿಗೆ ತನ್ನದೇ ಮನಸ್ಸಿನ ಪೂರ್ತಿ ಲೆಕ್ಕ ಸಿಗುವುದಿಲ್ಲ ಎಂಬುದು. ಬೇಕು ಎನ್ನುವ ಒಂದು ಒತ್ತಡ ಒಳಗಿದೆ, ಅದಕ್ಕೆ ಹೊತ್ತುಗೊತ್ತು, ಹೇಸಿಗೆ, ನಾಚಿಕೆ ಯಾವುದೂ ಇಲ್ಲ. ಕೂಡದು ಎನ್ನುವ ಇನ್ನೊಂದು ಇದೆ. ಅಪ್ಪ-ಅಮ್ಮನ ಗದರಿಕೆ ಒಳಗಿಳಿದು ಅಲ್ಲೇ ಕೂತದ್ದು ಅದು. ಇವೆರಡರ ನಡುವೆ, ಹೊರಗಿನ ಲೋಕಕ್ಕೂ ಹೊಂದಿಸಿಕೊಂಡು ದಿನ ದೂಡುವ ‘ನಾನು’ ಇದೆ. ಫ್ರಾಯ್ಡ್ ಇದನ್ನು ಕುದುರೆ ಸವಾರನಿಗೆ ಹೋಲಿಸಿ, ಎಷ್ಟೋ ಸಲ ಕುದುರೆ ಹೋದ ಕಡೆಗೇ ಸವಾರ ತನ್ನಿಚ್ಛೆಯೆಂಬಂತೆ ಹೋಗಬೇಕಾಗುತ್ತದೆ ಎಂದ. ತಾಳಲಾಗದ್ದನ್ನು ನಾವು ಕೆಳಕ್ಕೆ ತಳ್ಳುತ್ತೇವೆ. ಅದು ಸುಮ್ಮನಿರುವುದಿಲ್ಲ, ಕನಸಾಗಿ, ಮರೆವಾಗಿ, ಬಾಯಿತಪ್ಪಾಗಿ, ಕಾಯಿಲೆಯಾಗಿ ಬೇರೆ ವೇಷದಲ್ಲಿ ಬರುತ್ತದೆ. ಮನೋವಿಶ್ಲೇಷಣೆಯ ತಿರುಳು ಇಷ್ಟೇ.

ತಳ್ಳಿದ್ದನ್ನು ತಳ್ಳಿದಲ್ಲೇ ಇಡಲು ನಾವು ಮಾಡುವ ಉಪಾಯಗಳನ್ನು ಮಗಳು ಆನಾ ಫ್ರಾಯ್ಡ್ 1936ರ ಪುಸ್ತಕದಲ್ಲಿ ಒಟ್ಟು ಮಾಡಿದಳು. ಪಠ್ಯದಲ್ಲಿ ಅವಕ್ಕೆ ‘ರಕ್ಷಣಾ ತಂತ್ರಗಳು’ ಎಂದು ಹೆಸರು, ದಮನ, ಪ್ರಕ್ಷೇಪಣ, ಸ್ಥಾನಪಲ್ಲಟ ಎಂದು ಬಾಯಿಪಾಠ. ನಾನು ಗಾದೆಗಳಲ್ಲಿ ಹೇಳಿಕೊಡುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ: ಇದಕ್ಕಿಂತ ಚೆನ್ನಾಗಿ ಸ್ಥಾನಪಲ್ಲಟವನ್ನು ವಿಯೆನ್ನಾದಲ್ಲೂ ಯಾರೂ ಹೇಳಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ: ಸಬೂಬು ಹೊಂದಿಸುವ ಮನಸ್ಸು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ: ನನ್ನೊಳಗಿನದನ್ನು ಎದುರಿಗಿದ್ದವನ ಮೇಲೆ ಹೊರಿಸುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೂ ಫ್ರಾಯ್ಡ್‌ನ ನೆಚ್ಚಿನ ರೋಗಿಯಾಗಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೂ ಕೈ ಹೇಳಿಬಿಟ್ಟಿತು. ಬಾಯಿತಪ್ಪಿನ ಬಗ್ಗೆ ಫ್ರಾಯ್ಡ್ 1901ರಲ್ಲಿ ಕೊಟ್ಟ ಉದಾಹರಣೆ ಆಸ್ಟ್ರಿಯಾದ ಸಂಸತ್ತಿನದು: ಕಲಾಪದಿಂದ ತನ್ನ ಪಕ್ಷಕ್ಕೆ ಒಳ್ಳೆಯದಾಗುವ ಹಾಗಿಲ್ಲ ಎಂದು ಗೊತ್ತಿದ್ದ ಅಧ್ಯಕ್ಷ, ಅಧಿವೇಶನ ಆರಂಭವಾಗಿದೆ ಎನ್ನುವ ಬದಲು ಮುಕ್ತಾಯವಾಗಿದೆ ಎಂದು ಘೋಷಿಸಿದ. ನಮ್ಮ ಕಾಲೇಜಿನಲ್ಲಿ ಒಬ್ಬರ ಬೀಳ್ಕೊಡುಗೆಯಲ್ಲಿ ಅವರ ಕೈಕೆಳಗೆ ಸಾಕಷ್ಟು ಅನುಭವಿಸಿದ್ದ ಸಹೋದ್ಯೋಗಿ ‘ಸಾಹೇಬರು ಹೋಗುತ್ತಿರುವುದು ನಮಗೆಲ್ಲ ಅತೀವ ಸಂತೋಷ...’ ಎಂದು ಶುರುಮಾಡಿ ನಿಂತುಬಿಟ್ಟರು. ಸಭೆಯಲ್ಲಿ ಯಾರೂ ತಿದ್ದಲಿಲ್ಲ.

ಎಲ್ಲದರ ಹಿಂದೆಯೂ ಏನೋ ಇದೆ ಎಂದು ಹೊರಟರೆ ಅದೂ ಒಂದು ರೋಗವೇ. ನಿಘಂಟು ಜಾಲಾಡಿದ ಆಲ್‌ಪೋರ್ಟ್ 1920ರಲ್ಲಿ, 22ರ ಹುಡುಗ, ಫ್ರಾಯ್ಡ್‌ನನ್ನು ನೋಡಲು ಹೋಗಿದ್ದ. ಒಳಗೆ ಹೋದರೆ ಫ್ರಾಯ್ಡ್ ಮಾತೇ ಆಡದೆ ಕೂತ. ಮೌನ ತಾಳಲಾರದೆ ಹುಡುಗ ಬರುವಾಗ ಟ್ರಾಮಿನಲ್ಲಿ ಕಂಡದ್ದನ್ನು ಹೇಳಿದ: ನಾಲ್ಕು ವರ್ಷದ ಒಂದು ಮಗು, ಎಲ್ಲವೂ ಕೊಳಕು ಎಂದು ಗಲಾಟೆ ಮಾಡುತ್ತಿತ್ತು, ಪಕ್ಕದಲ್ಲಿ ಗಂಜಿ ಹಾಕಿದ ಬಟ್ಟೆಯ ಶಿಸ್ತಿನ ತಾಯಿ. ಫ್ರಾಯ್ಡ್ ಅವನನ್ನೇ ದಿಟ್ಟಿಸಿ, ಆ ಮಗು ನೀನೇನಾ ಎಂದು ಕೇಳಿದ. ಮುಂದೆ ಹಾರ್ವರ್ಡ್‌ನಲ್ಲಿ ವ್ಯಕ್ತಿತ್ವ ಅಧ್ಯಯನದ ಹಿರಿಯನಾದ ಆಲ್‌ಪೋರ್ಟ್ ಈ ಕಥೆಯನ್ನು ಜೀವನಪೂರ್ತಿ ಹೇಳಿದ: ಅಷ್ಟು ಆಳ ಅಗೆಯುವ ಮೊದಲು ಎದುರಿಗಿರುವ ಮನುಷ್ಯನನ್ನೇ, ನಿನಗೇನು ಬೇಕು ಎಂದು ಕೇಳಬಾರದೇ ಎಂಬುದು ಅವನ ವಾದ. ನಾನು ಆಲ್‌ಪೋರ್ಟ್ ಪಕ್ಷ. ಆದರೂ ಒಂದು ಅನುಮಾನ ಉಳಿಯುತ್ತದೆ, ಫ್ರಾಯ್ಡ್ ಪೂರ್ತಿ ತಪ್ಪಿದ್ದರೆ ಆಲ್‌ಪೋರ್ಟ್ ಆ ಪ್ರಶ್ನೆಯನ್ನು ಅಷ್ಟು ವರ್ಷ ಯಾಕೆ ಮರೆಯಲಿಲ್ಲ?

ಫ್ರಾಯ್ಡ್‌ನ ತಪ್ಪುಗಳನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಬರ್ಥಾ ಗುಣವಾದಳು ಎಂದು ಬ್ರಾಯರ್, ಫ್ರಾಯ್ಡ್ ಸೇರಿ ಬರೆದ ಪುಸ್ತಕದಲ್ಲಿದೆ. ನಿಜದಲ್ಲಿ 1882ರಲ್ಲಿ ಅವಳನ್ನು ಸ್ವಿಟ್ಜರ್‌ಲೆಂಡಿನ ಆರೋಗ್ಯಧಾಮಕ್ಕೆ ಸೇರಿಸಬೇಕಾಯಿತು. (ಅನಂತರ ಅವಳು ಸ್ತ್ರೀಪರ ಹೋರಾಟಗಾರ್ತಿಯಾದಳು, 1904ರಲ್ಲಿ ಯಹೂದಿ ಮಹಿಳೆಯರ ಸಂಘ ಕಟ್ಟಿದಳು, ಜರ್ಮನಿ ಅವಳ ಅಂಚೆಚೀಟಿ ತಂದಿತು. ಗೈಡುಗಳಲ್ಲಿ ಇದೂ ಇಲ್ಲ.) 1900ರಲ್ಲಿ ಡೋರಾ ಎಂಬ 18ರ ಹುಡುಗಿಯನ್ನು ತಂದೆ ಕರೆತಂದ. ತಂದೆಯ ಗೆಳೆಯನೇ ತನ್ನ ಮೈಮೇಲೆ ಬಿದ್ದ ಎಂದಳು ಆಕೆ. ತಂದೆಗೆ ಆ ಗೆಳೆಯನ ಹೆಂಡತಿಯ ಸಂಬಂಧ ಇತ್ತು, ತನ್ನನ್ನು ಅದರ ಬದಲಿಗೆ ಒಪ್ಪಿಸುತ್ತಿದ್ದಾನೆ ಎಂಬುದು ಅವಳ ಸಿಟ್ಟು. ನಡೆದದ್ದನ್ನು ಫ್ರಾಯ್ಡ್ ನಂಬಿದ, ಆದರೆ ಒಳಗೊಳಗೆ ನಿನಗೆ ಅವನ ಮೇಲೆ ಆಸೆಯಿತ್ತು ಎಂದು ಹಟ ಹಿಡಿದ. ಹನ್ನೊಂದು ವಾರಕ್ಕೆ ಅವಳು ಎದ್ದು ಹೋದಳು. ಎಮ್ಮಿಯ ಮಾತು ಕೇಳಿದವನು ಡೋರಾಳ ಮಾತಿಗೆ ಕಿವುಡಾದ. ತನ್ನ ಸಿದ್ಧಾಂತವೆಂಬ ಚೀಟಿ ಆ ಹೊತ್ತಿಗೆ ಅವನ ಕೈಗೆ ಬಂದಿತ್ತಲ್ಲ. ಹೆಂಗಸರ ಬಗ್ಗೆ ಬರೆದದ್ದರಲ್ಲಿ ಬಹಳಷ್ಟು ಇವತ್ತು ನಿಲ್ಲುವುದಿಲ್ಲ. ಸುಳ್ಳೆಂದು ಸಾಬೀತು ಮಾಡಲಾಗದ ಹಾಗೆ ಕಟ್ಟಿದ ವಾದ ವಿಜ್ಞಾನವಲ್ಲ ಎಂಬ ಕಾರ್ಲ್ ಪಾಪರ್ ಟೀಕೆಗೂ ಸರಿಯಾದ ಉತ್ತರ ಬಂದಿಲ್ಲ.

ಇದೆಲ್ಲ ಯುರೋಪಿನ ಹಳೆ ಕಥೆ, ನಮಗೇನು ಎನ್ನುವವರಿಗೆ ಎರಡು ಮಾತು. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಫ್ರಾಯ್ಡ್‌ಗೆ 75 ತುಂಬಿದಾಗ ಸಂಘದಿಂದ ದಂತದ ವಿಷ್ಣು ವಿಗ್ರಹ ಹೋಯಿತು. ಅದು ಅವನ ಮೇಜಿನ ಮೇಲೆ ಕೂತಿತು. ಉಡುಗೊರೆ ಕೊಟ್ಟರೆಂದು ಬೋಸ್ ತಲೆಬಾಗಲಿಲ್ಲ. ನನ್ನ ಭಾರತೀಯ ರೋಗಿಗಳಲ್ಲಿ ನೀವು ಹೇಳುವ ತಂದೆಯ ಭಯ ನೀವು ಹೇಳಿದ ಹಾಗೆ ಕಾಣುತ್ತಿಲ್ಲ ಎಂದು ಪತ್ರ ಬರೆದು ವಾದಿಸಿದರು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮನಶ್ಶಾಸ್ತ್ರ ವಿಭಾಗ ಆರಂಭಿಸಿದರು. 1935ರಲ್ಲಿ ಮನೆಯಿಂದ ‘ಆಕಾಶವಾಣಿ’ ಎಂಬ ರೇಡಿಯೊ ಶುರುಮಾಡಿದವರೂ ಅವರೇ. ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವ ಡಾಕ್ಟರರಿಗೆ ಅಳುವವರ ಕಷ್ಟ ಗೊತ್ತಿತ್ತು.

ಎರಡನೆಯದು ಎ.ಕೆ. ರಾಮಾನುಜನ್. ಫ್ರಾಯ್ಡ್ ನೆಚ್ಚಿಕೊಂಡ ಗ್ರೀಕರ ಈಡಿಪಸ್ ಕಥೆ ಭಾರತದಲ್ಲಿ ಇದೆಯೇ ಎಂದು ಹುಡುಕುತ್ತ ಅವರು ಎತ್ತಿಕೊಂಡದ್ದು ಒಂದು ಕನ್ನಡ ಜನಪದ ಕಥೆಯನ್ನು. ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುವೆ ಎಂಬ ಹಣೆಬರಹ ಹೊತ್ತ ಹುಡುಗಿ ಗಂಡಸರ ನೆರಳೇ ಬೇಡವೆಂದು ಕಾಡು ಸೇರುತ್ತಾಳೆ. ಹಾದುಹೋದ ರಾಜನ ದೆಸೆಯಿಂದ ಮಾವಿನಹಣ್ಣು ತಿಂದು ಬಸುರಾಗುತ್ತಾಳೆ, ಹುಟ್ಟಿದ ಗಂಡುಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ವರ್ಷಗಳ ಮೇಲೆ ಬೇಟೆಗೆ ಬಂದ ರಾಜಕುಮಾರನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮಗು ಹುಟ್ಟಿದಾಗ ತಂದೆಯ ಬಾಲ್ಯದ ಬಟ್ಟೆ ತರುವುದು ವಾಡಿಕೆ. ತಂದರೆ ಅದು ತನ್ನದೇ ಸೀರೆಯ ತುಂಡು. ಎಲ್ಲರೂ ಮಲಗಿದ ಮೇಲೆ ಮಗುವನ್ನು ಮಗನೇ, ಮೊಮ್ಮಗನೇ, ಮೈದುನನೇ ಎಂದು ತೂಗಿ ಉರುಳು ಹಾಕಿಕೊಳ್ಳುತ್ತಾಳೆ. ಗ್ರೀಕ್ ಕಥೆಯಲ್ಲಿ ಮಗ ಅಪ್ಪನನ್ನು ಕೊಲ್ಲುತ್ತಾನೆ, ಕಥೆ ಅವನದು. ಇಲ್ಲಿ ಕಥೆ ತಾಯಿಯದು. ಅಪ್ಪ-ಮಗನ ಜಗಳಕ್ಕೆ ಬಂದರೆ ನಮ್ಮಲ್ಲಿ ಸೋಲುವವನು ಹೆಚ್ಚಾಗಿ ಮಗ ಎಂದೂ ರಾಮಾನುಜನ್ ತೋರಿಸಿದರು. ಭೀಷ್ಮ ಅಪ್ಪನಿಗಾಗಿ ಮದುವೆ ಬಿಟ್ಟ. ಪೂರು ಅಪ್ಪನಿಗೆ ತನ್ನ ಯೌವನ ಕೊಟ್ಟ.

ಆ ಪೂರುವಿನ ಕಥೆಯನ್ನೇ ಗಿರೀಶ ಕಾರ್ನಾಡರು ಹರೆಯದಲ್ಲಿ ‘ಯಯಾತಿ’ಯಾಗಿ ಬರೆದರು, 1961ರಲ್ಲಿ ಅಚ್ಚಾಯಿತು. ಬರೆದ ಹೊತ್ತಿಗೆ ಅವರು ಆಕ್ಸ್‌ಫರ್ಡ್‌ಗೆ ಹೊರಡುವ ಸಿದ್ಧತೆಯಲ್ಲಿದ್ದರು, ಮನೆಯವರಿಗೆ ಮಗ ಹೋದರೆ ತಿರುಗಿ ಬರುತ್ತಾನೋ ಇಲ್ಲವೋ ಎಂಬ ಆತಂಕ. ಬರೆಯುವಾಗ ಆ ತಲೆಬಿಸಿಯಿಂದ ತಪ್ಪಿಸಿಕೊಳ್ಳಲು ಬರೆಯುತ್ತಿದ್ದೇನೆ ಎಂದೇ ಅಂದುಕೊಂಡಿದ್ದರಂತೆ. ತನ್ನ ಭವಿಷ್ಯ ಬಲಿ ಕೇಳುವವರ ಮೇಲಿದ್ದ ಸಿಟ್ಟು ಆ ಪುರಾಣದಲ್ಲಿ ಅಷ್ಟು ಕರಾರುವಾಕ್ಕಾಗಿ ಬಂದು ಕೂತಿದೆ ಎಂದು ತಿಳಿದದ್ದು ಆಮೇಲೆ, ಹಿಂತಿರುಗಿ ನೋಡಿದಾಗ. ಇಂಥ ಬುದ್ಧಿವಂತರಿಗೂ ಬರೆಯುವ ಗಳಿಗೆಯಲ್ಲಿ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನಾಟಕ ಆಗುತ್ತಿತ್ತೋ ಇಲ್ಲವೋ.

ನನ್ನ ಕಬಡ್ಡಿ ಮ್ಯಾಟಿನ ಕೋಣೆಗೆ ಪೂರುಗಳು ಬರುತ್ತಲೇ ಇರುತ್ತಾರೆ. ಒಬ್ಬನ ಕಥೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬಿ.ಕಾಂ. ಕೊನೆಯ ವರ್ಷ, ಲೆಕ್ಕದಲ್ಲಿ ಗಟ್ಟಿಗ. ಅಪ್ಪನಿಗೆ ಮಗ ಬ್ಯಾಂಕ್ ಪರೀಕ್ಷೆ ಬರೆಯಬೇಕು. ಕೋಚಿಂಗ್ ಫೀಸು ಕಟ್ಟಿಯಾಗಿದೆ. ಇವನು ಪ್ರತಿಸಲವೂ ಅರ್ಜಿಯ ಕೊನೆಯ ದಿನ ಮರೆಯುತ್ತಾನೆ. ಒಮ್ಮೆ ಅರ್ಜಿ ತುಂಬಿ ಫೀಸು ಕಟ್ಟಲು ಮರೆತ. ಮನೆಯಲ್ಲಿ ‘ಬೇಜವಾಬ್ದಾರಿ’ ಎಂಬ ಬಿರುದು, ಕಾರ್ಯಾಗಾರದಲ್ಲಿ ಹಳದಿ ಚೀಟಿ. ಮೊದಲ ಕೆಲವು ಸಲ ಬಂದಾಗ ಆರ್‌ಸಿಬಿ, ಮೊಬೈಲು, ಗೆಳೆಯರ ಬೈಕು ಎಂದು ಮಾತಾಡಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಒಂದು ಮಧ್ಯಾಹ್ನ ಅಣ್ಣನ ಮಾತು ಬಂತು. ಅಣ್ಣ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದವನು ಮದುವೆಯಾದ ಮೇಲೆ ಫೋನು ಮಾಡುವುದು ನಿಲ್ಲಿಸಿದ್ದಾನೆ. ಅಮ್ಮ ಸಂಜೆ ಏಳಕ್ಕೆ ಫೋನನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಹೂ ಕಟ್ಟುತ್ತ ಕೂರುತ್ತಾಳೆ. ಅಪ್ಪ ಅಮ್ಮನ ಜತೆ ಮಾತಾಡುವುದು ಇವನ ಮೂಲಕವೇ, ‘ನಿಮ್ಮಮ್ಮನಿಗೆ ಹೇಳು’ ಎಂದು. ಇದೆಲ್ಲ ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಡಂ, ನಾನು ಮರೀತಿಲ್ಲ ಅನ್ಸುತ್ತೆ’ ಎಂದ.

ಇದು ಗೆಲುವಿನ ಕಥೆಯಲ್ಲ. ಆತ ಬ್ಯಾಂಕ್ ಪರೀಕ್ಷೆ ಬರೆಯಲೇ ಇಲ್ಲ, ಬರೆಯುವುದಿಲ್ಲ ಎಂದು ಅಪ್ಪನಿಗೆ ಎದುರು ನಿಂತು ಹೇಳಿದ. ಮನೆಯಲ್ಲಿ ಕೆಲವು ದಿನ ಒಲೆ ಸರಿಯಾಗಿ ಉರಿಯಲಿಲ್ಲ. ಈಗ ಊರಲ್ಲೇ ಆಡಿಟರ್ ಒಬ್ಬರ ಹತ್ತಿರ ಜಿಎಸ್‌ಟಿ ಕೆಲಸ ಕಲಿಯುತ್ತಿದ್ದಾನೆ. ಅಮ್ಮನಿಗಾಗಿ ತನ್ನ ದಾರಿ ಮುಚ್ಚಿಕೊಂಡನೇ ಎಂಬ ಪ್ರಶ್ನೆ ನನಗೂ ಇದೆ, ಅವನಿಗೂ ಇದೆ. ಮರೆವಿನ ವೇಷ ಹಾಕಿಕೊಂಡಿದ್ದ ಅವನ ತೀರ್ಮಾನ ಈಗ ಅವನ ಕೈಯಲ್ಲಿದೆ, ಬದಲಿಸಬೇಕೆಂದರೆ ಬದಲಿಸಬಹುದು. ಹಳದಿ ಚೀಟಿಯಿಂದ ಅದು ಆಗುತ್ತಿರಲಿಲ್ಲ, ‘ಗುರಿ ಇಟ್ಟುಕೋ, ಪಾಸಿಟಿವ್ ಆಗಿ ಯೋಚಿಸು’ ಎಂಬ ಭಾಷಣದಿಂದಲೂ ಆಗುತ್ತಿರಲಿಲ್ಲ.

ಹಾಗೆಂದು ಎಲ್ಲರನ್ನೂ ಸೋಫಾದ ಮೇಲೆ ಮಲಗಿಸಿ ವರ್ಷಗಟ್ಟಲೆ ವಿಶ್ಲೇಷಣೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಖಿನ್ನತೆ, ಸ್ಕಿಜೋಫ್ರೇನಿಯಾದಂಥ ಕಾಯಿಲೆಗೆ ವೈದ್ಯರು, ಮಾತ್ರೆ ಬೇಕು; ಅದಕ್ಕೆ ಸಂಕೋಚ ಬೇಡ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ಕಂಡುಬಂತು. ಜನ ಡಾಕ್ಟರ ತನಕ ಹೋಗುವುದಕ್ಕೂ ಮೊದಲು ಯಾರಾದರೊಬ್ಬರು ನಡುವೆ ಬಾಯಿ ಹಾಕದೆ ಅವರ ಮಾತು ಕೇಳಿರಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ. ಮಗು ‘ಭಯ ಆಗುತ್ತೆ’ ಎಂದರೆ ‘ಭಯ ಯಾಕೆ, ನಾವಿಲ್ವಾ’ ಎಂದು ಮುಗಿಸಿಬಿಡುತ್ತೇವೆ. ಮಗುವಿಗೆ ನಮ್ಮದೇ ಭಯ ಇರಬಹುದು ಎಂದು ಹೊಳೆಯುವುದೇ ಇಲ್ಲ.

ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕರೋ, ಮನಶ್ಶಾಸ್ತ್ರಜ್ಞರೋ, ಸಮಾಜ ಕಾರ್ಯಕರ್ತರೋ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಪ್ರಾಂಶುಪಾಲರೇ, ಮುಂದಿನ ವ್ಯಕ್ತಿತ್ವ ವಿಕಸನ ಕಾರ್ಯಾಗಾರದ ಹಾರ, ಪೇಟ, ಹಣ್ಣಿನ ಬುಟ್ಟಿ ಬಿಟ್ಟುಬಿಡಿ. ಚಿಲಕವಿರುವ ಒಂದು ಕೋಣೆ, ವಾರದಲ್ಲಿ ಗೊತ್ತುಪಡಿಸಿದ ಹೊತ್ತು, ಕೇಳಲು ಕಲಿತ ಒಬ್ಬ ಮನುಷ್ಯ, ಇಷ್ಟು ಕೊಡಿ. ಪೋಷಕರೇ, ಮುಂದಿನ ಸಭೆಯಲ್ಲಿ ರಿಸಲ್ಟಿನ ಮಾತು ಮುಗಿದ ಮೇಲೆ ಎದ್ದು ನಿಂತು ಆ ಕೋಣೆ ಎಲ್ಲಿದೆ ಎಂದು ಕೇಳಿ. ಅಲ್ಲಿಯವರೆಗೆ ‘ಟೆಲಿ ಮಾನಸ್’ ಸಹಾಯವಾಣಿ ಇದೆ: 14416, ಕರೆ ಉಚಿತ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡಬಹುದು.